ಬಚ್ಚಲದ ಚಿಲಕ

ನಮ್ಮ ಮನೆಯಲ್ಲಿ ಒಳಗಿನಿಂದ ಚಿಲಕ ಹಾಕಿಕೊಳ್ಳಬಹುದಾದ ಬಾಗಿಲುಗಳು ಎರಡೇ. ಒಂದು ಖೋಲಿಯದ್ದು. ಅದು ಹಗಲು ನನ್ನ ಆಫೀಸು, ರಾತ್ರಿ ನಾವು ಗಂಡ ಹೆಂಡತಿ ಮಲಗುವ ಜಾಗ. ಇನ್ನೊಂದು ಬಚ್ಚಲದ್ದು. ಅಂದರೆ ನನ್ನ 13 ವರ್ಷದ ಮಗಳ ಪಾಲಿಗೆ ಇರೋದು ಒಂದೇ.

ಹೋದ ಬೇಸಿಗೆಯಲ್ಲಿ ಒಂದು ಮಂಗಳವಾರ ಸಂಜೆ ಅವಳು ಆ ಬಾಗಿಲು ಹಾಕಿಕೊಂಡು ಅರ್ಧ ತಾಸಿನ ಮೇಲಾಗಿತ್ತು. ಒಳಗೆ ನಳ ಸುರಿಯುವ ಸಪ್ಪಳ. ಹುಬ್ಬಳ್ಳಿಯವರ ಕಿವಿಗೆ ಆ ಸಪ್ಪಳ ಹೇಗೆ ಕೇಳಿಸುತ್ತದೆ ಅನ್ನೋದನ್ನ ಬೇರೆ ಊರಿನವರಿಗೆ ಸ್ವಲ್ಪ ಬಿಡಿಸಿ ಹೇಳಬೇಕು. ನಮ್ಮ ಅವಳಿ ನಗರಕ್ಕೆ ನೀರು ಬರೋದು ಸವದತ್ತಿ ಹತ್ತಿರದ ಮಲಪ್ರಭಾ ಜಲಾಶಯದಿಂದ. 2008ರ ಹೊತ್ತಿಗೇ ಕೆಲವು ವಾರ್ಡುಗಳಿಗೆ ದಿನದ 24 ತಾಸೂ ನೀರು ಕೊಡುವ ವ್ಯವಸ್ಥೆ ಆಯಿತು. ನಮ್ಮ ಓಣಿ ಅದರೊಳಗಿಲ್ಲ. ನಮಗೆ ಐದಾರು ದಿನಕ್ಕೊಮ್ಮೆ ಬರುತ್ತದೆ. ಬಂದ ದಿನ ನಸುಕಿನಲ್ಲೇ ಎದ್ದು ಸಿಂಟೆಕ್ಸು, ಬ್ಯಾರಲ್ಲು, ಕೊಡ, ಬಕೀಟು, ಕಡೆಗೆ ಕುಕ್ಕರಿನ ತನಕ ತುಂಬಿಡುತ್ತೇವೆ. ಆವತ್ತು ನೀರು ಬಂದು ನಾಲ್ಕು ದಿನವಾಗಿತ್ತು.

ನಾನು ಬಾಗಿಲು ಬಡಿದೆ. ಬಡಿದೆ ಅಂದರೆ, ಅಂಗೈಯಿಂದ ಗುದ್ದಿದೆ. “ಏನ್ ಮಾಡಾಕತ್ತಿ ಒಳಗ? ನೀರ ಯಾರಪ್ಪಂದು? ಕದಾ ತಗಿ ಮೊದಲ!”

ಪಡಸಾಲೆಯಲ್ಲಿ ಅತ್ತೆ ಇದ್ದರು. ಬಡ್ಡಿ ಲೆಕ್ಕ ಕೇಳೋಕೆ ಬಂದಿದ್ದ ಸಂಘದ ಇಬ್ಬರು ಹೆಣ್ಣುಮಕ್ಕಳಿದ್ದರು. ಎಲ್ಲರ ಎದುರಿಗೇ ಮಗಳು ಹೊರಗೆ ಬಂದಳು. ಅವಳ ಕೂದಲು ಒಣಗಿತ್ತು. ಬಟ್ಟೆ ಒಣಗಿತ್ತು. ಒಳಗೆ ಬಕೀಟು ತುಂಬಿ ಹರಿಯುತ್ತಿತ್ತು. ಒದ್ದೆಯಾಗಿದ್ದದ್ದು ಅವಳ ಮುಖ ಮಾತ್ರ, ಅದೂ ನಳದ ನೀರಿನಿಂದಲ್ಲ. ನಾನು ಅದನ್ನ ನೋಡಿದೆ, ನೋಡಿಯೂ ನೀರಿನ ಬಗ್ಗೆಯೇ ಬೈದೆ. ಬಂದ ಸಿಟ್ಟನ್ನ ನಡುವೆ ನಿಲ್ಲಿಸುವ ಅಭ್ಯಾಸ ನನಗಿಲ್ಲ.

ರಾತ್ರಿ ಗದಗದಲ್ಲಿರುವ ಅಕ್ಕನಿಗೆ ಫೋನ್ ಮಾಡಿ ಇದನ್ನೇ ನಗುತ್ತಾ ಹೇಳಿದೆ. “ತಾಸಗಟ್ಟಲೆ ಬಚ್ಚಲದಾಗ ಕೂಡತಾಳವಾ, ಒಳಗ ಏನ್ ರಾಜ್ಯ ಕಟ್ಟಾಕತ್ತಾಳೋ ಏನೋ!” ನಮ್ಮ ಮನೆಯಲ್ಲಿ ಧ್ವನಿಗೆ ಗೋಡೆ ಇಲ್ಲ. ಪಡಸಾಲೆಯಲ್ಲಿ ಮಲಗಿದ್ದ ಮಗಳಿಗೆ ಪೂರ್ತಿ ಕೇಳಿಸಿತು. ಮರುದಿನ ನಮ್ಮ ಮನೆತನದ ವಾಟ್ಸ್ಯಾಪ್ ಗ್ರೂಪಿನಲ್ಲಿ ಅಕ್ಕನ ಮಗ “ಬಚ್ಚಲ ರಾಣಿ ಹೆಂಗದಾಳ?” ಅಂತ ಹಾಕಿದ. ಎಂಟು ಜನ ನಕ್ಕರು. ಅದರಲ್ಲಿ ನಾನೂ ಒಬ್ಬಳು.

ಆಮೇಲೆ ಮಗಳು ಬಚ್ಚಲದಲ್ಲಿ ಕೂಡೋದನ್ನ ಬಿಟ್ಟಳು. ಮಾತಾಡೋದನ್ನೂ ಬಿಟ್ಟಳು. ಊಟ ಆಯ್ತಾ ಅಂದರೆ ಹೂಂ. ಹೋಂವರ್ಕ್ ಆಯ್ತಾ ಅಂದರೆ ಹೂಂ.

ನಾವು ಇಲ್ಲಿಗೆ ಬಂದದ್ದು 2020ರಲ್ಲಿ, ಲಾಕ್‌ಡೌನ್ ಸಡಿಲವಾದ ಮೇಲೆ. ಅದಕ್ಕೂ ಮೊದಲು ಬೆಂಗಳೂರಲ್ಲಿ ಎರಡು ಬೆಡ್‌ರೂಮಿನ ಬಾಡಿಗೆ ಮನೆ. ಅದರ ಸಣ್ಣ ಬೆಡ್‌ರೂಮು ಮಗಳದ್ದು. ಆಗ ಅವಳಿಗೆ ಎಂಟು ವರ್ಷ. ಒಬ್ಬಳೇ ಮಲಗೋಕೆ ಹೆದರಿ ಅರ್ಧ ರಾತ್ರಿಗೆ ನಮ್ಮ ಹಾಸಿಗೆಗೆ ಬರುತ್ತಿದ್ದಳು. ಹಾಗಾಗಿ ಆ ರೂಮು ಬಿಟ್ಟುಬಂದದ್ದು ಅವಳಿಗೆ ನಷ್ಟ ಅಂತ ನಮಗೆ ಅನಿಸಲೇ ಇಲ್ಲ. ಮಾವ ತೀರಿಕೊಂಡು ಅತ್ತೆ ಒಬ್ಬರೇ ಆಗಿದ್ದರು. ಕಂಪನಿ ಮನೆಯಿಂದಲೇ ಕೆಲಸ ಮಾಡಿ ಅಂದಿತು. ಇವರಿಗೆ ಧಾರವಾಡದಲ್ಲಿ ಕೆಲಸ ಸಿಕ್ಕಿತು, ದಿನಾ ಚಿಗರಿ ಬಸ್ಸಿನಲ್ಲಿ ಹೋಗಿ ಬರುತ್ತಾರೆ. ಬಾಡಿಗೆ ಉಳಿಯಿತು, ಟ್ರಾಫಿಕ್ ತಪ್ಪಿತು, ಮಕ್ಕಳಿಗೆ ಆಯಿ ಸಿಕ್ಕರು. ವಾಪಸ್ ಊರಿಗೆ ಬಂದ ಎಲ್ಲರೂ ಹೇಳುವ ಈ ಲೆಕ್ಕವನ್ನ ನಾನೂ ಎಲ್ಲರಿಗೂ ಹೇಳಿಕೊಂಡು ತಿರುಗಿದೆ.

ಮನೆ ಹಳೇ ಹುಬ್ಬಳ್ಳಿಯಲ್ಲಿದೆ. ರೇಲ್ವೆ ವರ್ಕ್‌ಶಾಪಿನಲ್ಲಿದ್ದ ಮಾವ ಕಟ್ಟಿಸಿದ್ದು. ಪಡಸಾಲೆ, ಒಂದು ಖೋಲಿ, ಅಡಿಗೆಮನೆ, ಬಚ್ಚಲ. ಎಲ್ಲ ಸೇರಿ ಸುಮಾರು 450 ಚದರ ಅಡಿ. ಪಡಸಾಲೆಯಲ್ಲಿ ಅತ್ತೆಯ ಮಂಚ, ಟಿವಿ, ರಾತ್ರಿ ಮಕ್ಕಳ ಗಾದಿ. ಮಗಳ ಬಟ್ಟೆ ನಮ್ಮ ಕಪಾಟಿನ ಕೆಳಗಿನ ಖಣದಲ್ಲಿ. ಪುಸ್ತಕ ಕಿಟಕಿಯ ಕಟ್ಟೆ ಮೇಲೆ. ಬಟ್ಟೆ ಬದಲಿಸಬೇಕಂದರೆ ಬಚ್ಚಲ, ಅಲ್ಲಿ ಯಾರಾದರೂ ಇದ್ದರೆ ಅಡಿಗೆಮನೆಯ ಪಡದೆ ಹಿಂದೆ. “ತಮ್ಮಾ, ಈ ಕಡೆ ನೋಡಬ್ಯಾಡ” ಅಂತ ಕೂಗಿ ಬದಲಿಸುತ್ತಾಳೆ.

ಇದೇನು ದೊಡ್ಡ ಕಷ್ಟವಲ್ಲ, ನನಗೆ ಗೊತ್ತು. 2011ರ ಜನಗಣತಿ ಪ್ರಕಾರ ಈ ದೇಶದ ಶೇಕಡಾ 37ರಷ್ಟು ಕುಟುಂಬಗಳು ಒಂದೇ ಕೋಣೆಯಲ್ಲಿ ಇದ್ದವು. ಎರಡು ಕೋಣೆಯವರು ಶೇಕಡಾ 32ರ ಹತ್ತಿರ. ಅಂದರೆ ಮಕ್ಕಳಿಗೆ ಬೇರೆ ರೂಮು ಅನ್ನೋದು ಸಿನಿಮಾ ಮತ್ತು ಪೇಂಟಿನ ಜಾಹೀರಾತುಗಳಲ್ಲಿ ಇದ್ದಷ್ಟು ನಮ್ಮ ಊರುಗಳಲ್ಲಿ ಇಲ್ಲ.

ಅದಕ್ಕೇ ನನ್ನ ಬಾಯಲ್ಲಿ ಒಂದು ಮಾತು ಸದಾ ತಯಾರಿರುತ್ತಿತ್ತು. “ನಾವು ಹದಿನಾಲ್ಕು ಮಂದಿ ಒಂದ ಮನ್ಯಾಗ ಬೆಳದೇವಿ. ನಮಗೇನಾತು?” ನವಲಗುಂದದ ಕಡೆಯ ಹಳ್ಳಿ ಮನೆ ನಮ್ಮದು. ಪಡಸಾಲೆಯಲ್ಲಿ ಸಾಲಾಗಿ ಮಲಗುತ್ತಿದ್ದೆವು, ಯಾರ ಕೌದಿ ಯಾರ ಮೇಲೋ. ಅಲ್ಲಿ ಯಾರಿಗೂ ರೂಮು ಇರಲಿಲ್ಲ. ಇದು ಖರೇ.

ಆದರೆ ಆ ಮಾತಿನ ಇನ್ನರ್ಧವನ್ನ ನಾನು ಯಾವತ್ತೂ ಹೇಳಿರಲಿಲ್ಲ. ಮನೆ ಮೇಲೆ ಮಣ್ಣಿನ ಮಾಳಿಗೆ ಇತ್ತು. ನಿಚ್ಚಣಿಕೆ ಹತ್ತಿ ಹೋದರೆ ಯಾರೂ ಕೇಳುತ್ತಿರಲಿಲ್ಲ. ಹಪ್ಪಳ ಕಾಯೋಕೆ ಹೋಗಿದ್ದಾಳೆ ಅಂದುಕೊಳ್ಳುತ್ತಿದ್ದರು. ಹಿತ್ತಲಿತ್ತು, ಕಣದಲ್ಲಿ ಬಣವೆ ಇತ್ತು, ಎಮ್ಮೆ ಹೊಡಕೊಂಡು ಹೋದರೆ ಕೆರೆ ತನಕ ಒಬ್ಬಳೇ. ಒಂಬತ್ತನೇ ಇಯತ್ತೆಯಲ್ಲಿ ನನಗೆ ಬಂದ ಒಂದು ಚೀಟಿಯನ್ನ ನಾನು ಆ ಮಾಳಿಗೆ ಮೇಲೆ ಬೆಳಕಿಂಡಿ ಪಕ್ಕ ಕೂತು ಹದಿನೈದು ಸಲ ಓದಿದ್ದೆ. ಅದರಲ್ಲಿ ಏನಿತ್ತು ಅಂತ ಇವತ್ತಿಗೂ ಯಾರಿಗೂ ಗೊತ್ತಿಲ್ಲ. ನನ್ನ ಗಂಡನಿಗೂ.

ಮನೆಯೊಳಗೆ ಜನ ಹೆಚ್ಚಿದ್ದರು, ಹೊರಗೆ ಜಾಗ ಅದಕ್ಕಿಂತ ಹೆಚ್ಚಿತ್ತು. ಈಗ ನನ್ನ ಮಗಳಿಗೆ ಏನಿದೆ? ತಾರಸಿ ಮೇಲೆ ಸಿಂಟೆಕ್ಸು, ಸೋಲಾರು, ಸುತ್ತ ನಾಲ್ಕು ಮನೆಯವರ ಕಿಟಕಿ. ಹುಬ್ಬಳ್ಳಿಯಲ್ಲಿ ಒಬ್ಬರೇ ಕೂಡಬೇಕಂದರೆ ನೃಪತುಂಗ ಬೆಟ್ಟಕ್ಕೋ ಉಣಕಲ್ ಕೆರೆ ದಂಡೆಗೋ ಹೋಗಬೇಕು. 13ರ ಹುಡುಗಿಯನ್ನ ನಾನೇ ಒಬ್ಬಳನ್ನ ಕಳಿಸೋದಿಲ್ಲ. ನನ್ನ ಬಾಲ್ಯದ ಪಡಸಾಲೆಯನ್ನಷ್ಟೇ ಅವಳಿಗೆ ಕೊಟ್ಟು, ಮಾಳಿಗೆಯನ್ನ ಲೆಕ್ಕದಿಂದ ಬಿಟ್ಟಿದ್ದೆ.

ಆ ಶನಿವಾರ ಧಾರವಾಡದಲ್ಲಿ ಒಂದು ಮದುವೆ. ನಾನು, ಅವಳು ಇಬ್ಬರೇ ಹೊರಟೆವು. ಚಿಗರಿ ಬಸ್ಸಿನಲ್ಲಿ ಅಕ್ಕಪಕ್ಕ ಕೂತರೆ ಒಬ್ಬರ ಮುಖ ಒಬ್ಬರು ನೋಡೋ ಪ್ರಸಂಗ ಬರೋದಿಲ್ಲ. ಅದಕ್ಕೇ ಇರಬೇಕು, ಉಣಕಲ್ ದಾಟಿ ನವನಗರ ಬರುವಷ್ಟರಲ್ಲಿ ಅವಳು ಕಿಟಕಿಗೆ ಮುಖ ಮಾಡಿಯೇ ಮಾತು ತೆಗೆದಳು.

“ನಿನಗ ಮೀಟಿಂಗ್ ಇದ್ದಾಗ ನಾವು ಮಿಕ್ಸರ್ ಸುದ್ದಾ ಹಚ್ಚಂಗಿಲ್ಲ. ತಮ್ಮ ಸೀನಿದ್ರೂ ನೀ ಬಂದು ಕಣ್ಣ ಬಿಡತಿ. ನನಗ ಬಚ್ಚಲದಾಗ ಹತ್ತ ನಿಮಿಷ ಕೂಡಾಕ ಬಿಡಂಗಿಲ್ಲ.”

ನಾನು ಏನೋ ಹೇಳೋಕೆ ಹೋದೆ. ಅವಳು ಮುಂದುವರಿಸಿದಳು. “ನೀರ ಯಾಕ ಬಿಟ್ಟಿದ್ನಿ ಗೊತ್ತೇನು? ಅಳೋದು ಕೇಳಸಬಾರದಂತ.”

ಆಮೇಲೆ ಯಾಕೆ ಅತ್ತಳು ಅನ್ನೋದನ್ನೂ ಹೇಳಿದಳು. ಆ ಕಾರಣ ಈ ಬರಹದ ಮೊದಲ ಕರಡಿನಲ್ಲಿತ್ತು. ಪ್ರಕಟಿಸುವ ಮೊದಲು ಅವಳಿಗೆ ಓದೋಕೆ ಕೊಟ್ಟೆ. ಎರಡು ಪ್ಯಾರಾ ಮೇಲೆ ಗೀಟು ಎಳೆದು ವಾಪಸ್ ಕೊಟ್ಟಳು. ತೆಗೆದಿದ್ದೇನೆ. ಓದುವವರಿಗೆ ಕುತೂಹಲ ಇರುತ್ತದೆ, ನನಗೆ ಗೊತ್ತು. ಇದ್ದುಕೊಳ್ಳಲಿ. ಮಕ್ಕಳ ಹುಟ್ಟಿದ ಫೋಟೋದಿಂದ ಹಿಡಿದು ಹಲ್ಲು ಬಿದ್ದದ್ದರ ತನಕ ಎಲ್ಲವನ್ನೂ ಊರಿಗೆಲ್ಲ ತೋರಿಸಿದ ತಲೆಮಾರು ನಮ್ಮದು. ಅವರನ್ನ ಒಂದು ಮಾತು ಕೇಳಿದವರು ಕಡಿಮೆ. ನಾನಂತೂ ಇದೇ ಮೊದಲ ಸಲ ಕೇಳಿದ್ದು.

ಬಸ್ಸಿನಲ್ಲಿ ಅವಳು ಹೇಳಿದ ಮೀಟಿಂಗಿನ ಮಾತು ಮಾತ್ರ ನನ್ನನ್ನ ಬಿಡಲಿಲ್ಲ. ಐದು ವರ್ಷದ ಹಿಂದೆ ಕಂಪನಿ ಒಂದು ಈಮೇಲ್ ಕಳಿಸಿತ್ತು. ಮನೆಯಿಂದ ಕೆಲಸ ಮಾಡುವವರಿಗೆ ಬಾಗಿಲು ಮುಚ್ಚಬಹುದಾದ, ಸದ್ದಿಲ್ಲದ, ಬೇರೆಯವರು ಸ್ಕ್ರೀನು ನೋಡಲಾಗದ ಜಾಗ ಇರಬೇಕು ಅಂತ. ಇದೇ ಮನೆಯಲ್ಲಿ, ಇದೇ 450 ಚದರ ಅಡಿಯಲ್ಲಿ, ಒಂದೇ ದಿನದಲ್ಲಿ ಆ ಜಾಗ ಹುಟ್ಟಿತ್ತು. ಅತ್ತೆಯ ಗೋದ್ರೇಜ್ ಕಪಾಟು ಸರಿಯಿತು, ಇವರು ಕಿಟಕಿಗೆ ಕಾಗದ ಅಂಟಿಸಿದರು, ಹಾಲಿನವನಿಗೂ ಬೆಲ್ ಒತ್ತಬೇಡ ಅಂತ ಹೇಳಿದ್ದಾಯಿತು. ಯಾರೂ “ನಿನಗ್ಯಾಕ ಖೋಲಿ? ಅಂಥಾದ್ದೇನೈತಿ ಗುಟ್ಟು?” ಅಂತ ನನ್ನನ್ನ ಕೇಳಲಿಲ್ಲ.

ಮಗಳನ್ನ ಕೇಳಿದ್ದೆ. ಅವಳು ಡೈರಿ ಮುಚ್ಚಿದಾಗ, ಫೋನಿನಲ್ಲಿ ಗೆಳತಿ ಜೊತೆ ದನಿ ತಗ್ಗಿಸಿದಾಗ, ಬಚ್ಚಲದಿಂದ ಬಂದಾಗ. ಹಾಗಾದರೆ ಮನೆ ಸಣ್ಣದು ಅನ್ನೋದು ಕಾರಣ ಆಗಿರಲಿಲ್ಲ. ಕೇಳಿದವರು ಯಾರು ಅನ್ನೋದು ಕಾರಣ ಆಗಿತ್ತು.

ಅತ್ತೆ ಮೊದಲು ಒಪ್ಪಲಾರರು ಅಂದುಕೊಂಡಿದ್ದೆ. ಅವರ ಕಾಲದ ಹೆಣ್ಣುಮಕ್ಕಳಿಗೆ “ಪ್ರೈವೆಸಿ” ಅಂದರೆ ಇಂಗ್ಲಿಷ್ ಸೊಕ್ಕು ಅನ್ನಿಸುತ್ತದೆ ಅಂತ ನನ್ನ ಲೆಕ್ಕ. ರಾತ್ರಿ ಅಡಿಗೆಮನೆಯಲ್ಲಿ ಮೆಲ್ಲಗೆ ಮಾತು ತೆಗೆದು, “ಹುಡುಗಿ ಕದಾ ಹಾಕ್ಕೋತೇನಿ ಅಂದ್ರ ಮಂದಿ ಏನಂತಾರೋ ಅತ್ತಿ” ಅಂದೆ.

ಅತ್ತೆ ರೊಟ್ಟಿ ಹಿಟ್ಟಿನ ಡಬ್ಬಿ ಮುಚ್ಚುತ್ತಾ ಹೇಳಿದರು: “ಗುಟ್ಟ ಬ್ಯಾರೆ, ಮರೆ ಬ್ಯಾರೆ. ಎಲ್ಲಾರಿಗೂ ಒಂದು ಮರೆ ಬೇಕವಾ.”

ಆಮೇಲೆ ಸ್ವಲ್ಪ ಹೊತ್ತು ಬಿಟ್ಟು ಇನ್ನೊಂದು ಹೇಳಿದರು. ಅತ್ತೆ ದಿನಾ ಬೆಳಿಗ್ಗೆ ಸ್ನಾನ ಮಾಡಿ ದೇವರ ಜಗಲಿ ಮುಂದೆ ಇಷ್ಟಲಿಂಗ ಪೂಜೆಗೆ ಕೂಡುತ್ತಾರೆ. ಅಂಗೈ ಮೇಲೆ ಲಿಂಗ ಇಟ್ಟುಕೊಂಡು ಕೂತರೆಂದರೆ ಯಾರೂ ಮಾತಾಡಿಸೋದಿಲ್ಲ. ಮೊಮ್ಮಗ ಕೂಡ ಸುತ್ತು ಹಾಕಿ ಹೋಗುತ್ತಾನೆ. ಅಡಿಗೆಮನೆಗೂ ಪಡಸಾಲೆಗೂ ನಡುವಿನ ದಾರಿ ಅದು, ಅಲ್ಲೊಂದು ಗೋಡೆಯೂ ಇಲ್ಲ. ಆದರೂ ಅಷ್ಟು ಹೊತ್ತು ಅಲ್ಲಿ ಗೋಡೆ ಇದ್ದ ಹಾಗೇ.

“ನಾ ಲಗ್ನಾ ಆಗಿ ಬಂದಾಗ ಮನ್ಯಾಗ ಹನ್ನೊಂದ ಮಂದಿ. ಪೂಜಿ ಹತ್ತ ನಿಮಿಷದ್ದು. ನಾ ಕೂಡತಿದ್ದದ್ದು ಅರ್ಧ ತಾಸು,” ಅಂದರು ಅತ್ತೆ. “ಉಳದ ಇಪ್ಪತ್ತ ನಿಮಿಷ ನನ್ನವು. ತವರಮನಿ ನೆನಸತಿದ್ನಿ, ಒಮ್ಮೊಮ್ಮೆ ಅಳತಿದ್ನಿ, ಒಮ್ಮೊಮ್ಮೆ ಸುಮ್ಕ ಕೂಡತಿದ್ನಿ. ಶಿವ ಏನೂ ಅನ್ನಲಿಲ್ಲ ಬಿಡು.”

ಇಪ್ಪತ್ತು ವರ್ಷದ ಹತ್ತಿರ ಈ ಮನೆಯ ಸೊಸೆಯಾಗಿದ್ದೇನೆ. ಈ ಮಾತು ಅವರು ಯಾರಿಗೂ ಹೇಳಿರಲಿಲ್ಲ.

ಆ ರಾತ್ರಿ ನನಗೆ ಹೊಳೆದದ್ದು ಇಷ್ಟು. ಈ ಮನೆಯಲ್ಲಿ ಒಬ್ಬರೇ ಇರುವ ಹೊತ್ತು ಎಲ್ಲರಿಗೂ ಸಿಕ್ಕಿದೆ, ಆದರೆ ಬೇರೆ ಯಾರದೋ ಹೆಸರಲ್ಲಿ ಸಿಕ್ಕಿದೆ. ನನಗೆ ಕಂಪನಿ ಹೆಸರಲ್ಲಿ. ಅತ್ತೆಗೆ ಶಿವನ ಹೆಸರಲ್ಲಿ. ಇವರಿಗೆ ವಾಕಿಂಗ್ ಹೆಸರಲ್ಲಿ. ಮಗಳಿಗೆ ಕಂಪನಿ ಇಲ್ಲ, ಪೂಜೆ ಇಲ್ಲ, ಶುಗರ್ ಇಲ್ಲ. ಅವಳು ತನ್ನ ಹೆಸರಲ್ಲೇ ಕೇಳಿದಳು. ಅದಕ್ಕೇ ಸಿಗಲಿಲ್ಲ.

ಈ ದೇಶದಲ್ಲಿ ಖಾಸಗಿತನ ಮೂಲಭೂತ ಹಕ್ಕು ಅಂತ ಸುಪ್ರೀಂ ಕೋರ್ಟಿನ ಒಂಬತ್ತು ನ್ಯಾಯಮೂರ್ತಿಗಳು ಒಮ್ಮತದಿಂದ ಹೇಳಿದ್ದು 2017ರ ಆಗಸ್ಟ್ 24ರಂದು. ಆ ಮೊಕದ್ದಮೆಗೆ ಹೆಸರು ಕೊಟ್ಟವರು ನಮ್ಮ ಕರ್ನಾಟಕ ಹೈಕೋರ್ಟಿನ ನಿವೃತ್ತ ನ್ಯಾಯಮೂರ್ತಿ ಕೆ.ಎಸ್. ಪುಟ್ಟಸ್ವಾಮಿ. ಆಧಾರ್ ವಿಷಯಕ್ಕೆ ಅವರು ಕೋರ್ಟಿಗೆ ಹೋದಾಗ ವಯಸ್ಸು 80 ದಾಟಿತ್ತು. 2024ರ ಅಕ್ಟೋಬರಿನಲ್ಲಿ, 98ನೇ ವಯಸ್ಸಿನಲ್ಲಿ ತೀರಿಕೊಂಡರು. ಖಾಸಗಿತನ ಅಂಟಿಕೊಂಡಿರೋದು ಜಾಗಕ್ಕಲ್ಲ, ಮನುಷ್ಯರಿಗೆ ಅನ್ನುವ ಅರ್ಥದ ಮಾತು ಆ ತೀರ್ಪಿನಲ್ಲಿದೆ. ಮಕ್ಕಳಿಗೂ ಈ ಹಕ್ಕಿದೆ ಅನ್ನೋದನ್ನ ವಿಶ್ವಸಂಸ್ಥೆಯ 1989ರ ಮಕ್ಕಳ ಹಕ್ಕುಗಳ ಒಡಂಬಡಿಕೆ ಅದಕ್ಕೂ ಮೊದಲೇ, ತನ್ನ 16ನೇ ವಿಧಿಯಲ್ಲಿ ಹೇಳಿತ್ತು. 1992ರಲ್ಲಿ ಭಾರತವೂ ಅದನ್ನ ಒಪ್ಪಿಕೊಂಡಿತು. ನಮ್ಮ ಆಫೀಸಿನಲ್ಲಿ ದತ್ತಾಂಶ ಸುರಕ್ಷತೆಯ ತರಬೇತಿ ಪ್ರತಿ ವರ್ಷ ಇರುತ್ತದೆ, ಕೊನೆಗೊಂದು ಪರೀಕ್ಷೆ. ಪುಟ್ಟಸ್ವಾಮಿಯವರ ಹೆಸರಿನ ಪ್ರಶ್ನೆಗೆ ನಾನು ಯಾವಾಗಲೂ ಸರಿ ಉತ್ತರ ಕೊಟ್ಟಿದ್ದೇನೆ. ಅದೇ ಖೋಲಿಯಿಂದ ಹೊರಗೆ ಬಂದು ಬಚ್ಚಲದ ಬಾಗಿಲು ಗುದ್ದಿದ್ದೇನೆ.

ಆಮೇಲೆ ನಾವು ಮಾಡಿದ್ದು ಸಣ್ಣ ಸಣ್ಣ ಕೆಲಸ. ಸಂಜೆ 7ರಿಂದ 8ರ ತನಕ ಖೋಲಿ ಅವಳದ್ದು. ನನ್ನ ಲ್ಯಾಪ್‌ಟಾಪು ಹೊರಗೆ, ಅವಳು ಒಳಗೆ, ಚಿಲಕ ಅವಳ ಕೈಯಲ್ಲಿ. ಓದಬೇಕು ಅಂತೇನಿಲ್ಲ, ಬರೇ ಕೂತರೂ ನಡೆಯುತ್ತದೆ. ದುರ್ಗದಬೈಲಿನಿಂದ ದಪ್ಪ ಪಡದೆ ಬಟ್ಟೆ ತಂದು, ಪಡಸಾಲೆಯ ಮೂಲೆಗೆ ಪೈಪು ಹಾಕಿಸಿ, ಅವಳ ಗಾದಿಗೆ ಮರೆ ಮಾಡಿದೆವು. ಪಡದೆಗೆ ಬಾಗಿಲು ಬಡಿಯೋ ಹಾಗಿಲ್ಲವಲ್ಲ, ಅದಕ್ಕೆ ಒಂದು ನಿಯಮ: ಹೊರಗೆ ನಿಂತು “ಬರಲೇನು?” ಅನ್ನಬೇಕು, ಉತ್ತರ ಬರುವ ತನಕ ಕಾಯಬೇಕು. ಕೇಳೋದು ಎಲ್ಲರಿಗೂ ಬೇಗ ಬಂತು. ಕಾಯೋದು ನನಗಿನ್ನೂ ಪೂರ್ತಿ ಬಂದಿಲ್ಲ. ಬರಲೇನು ಅನ್ನುತ್ತಲೇ ಅರ್ಧ ಒಳಗೆ ಹೋಗಿರುತ್ತೇನೆ.

ಮಾವನ ಹಳೇ ಕಬ್ಬಿಣದ ಟ್ರಂಕು ಅಟ್ಟದ ಮೇಲಿತ್ತು. ಅದನ್ನ ಇಳಿಸಿ, ಒರೆಸಿ, ಹೊಸ ಕೀಲಿ ತಂದು ಅವಳಿಗೆ ಕೊಟ್ಟೆ. ಕೀಲಿ ಜೊತೆ ಎರಡು ಚಾವಿ ಬಂದಿದ್ದವು. ಒಂದನ್ನ ಅವಳಿಗೆ ಕೊಟ್ಟು ಇನ್ನೊಂದನ್ನ ಸಾಸಿವೆ ಡಬ್ಬಿಯಲ್ಲಿ ಇಟ್ಟುಕೊಂಡೆ. ಕಳಕೊಂಡರೆ ಇರಲಿ ಅಂತ. ಹಾಗಂತ ನನಗೆ ನಾನೇ ಹೇಳಿಕೊಂಡೆ. ಒಂದು ಮಧ್ಯಾಹ್ನ ಅವಳು ಶಾಲೆಗೆ ಹೋಗಿದ್ದಾಗ ಆ ಚಾವಿ ಹಿಡಕೊಂಡು ಟ್ರಂಕಿನ ಮುಂದೆ ಕೂತಿದ್ದೆ. ತೆಗೆಯಲಿಲ್ಲ. ಆದರೆ ಕೂತದ್ದು ಖರೇ. ಸಂಜೆ ಎರಡನೇ ಚಾವಿಯನ್ನೂ ಅವಳ ಕೈಗೆ ಹಾಕಿದೆ. ಅವಳು “ಇದು ಇರ್ತದಂತ ನನಗ ಗೊತ್ತಿತ್ತು” ಅಂದಳು. ಇನ್ನೇನೂ ಅನ್ನಲಿಲ್ಲ.

ಫೋನಿನ ಮಾತು ಬೇರೆ. ಬಾಗಿಲು ಮುಚ್ಚಿದರೆ ಅವಳು ಒಬ್ಬಳೇ ಇರುತ್ತಾಳೆ. ಫೋನು ಹಿಡಿದು ಬಾಗಿಲು ಮುಚ್ಚಿದರೆ ಅವಳ ಜೊತೆ ಯಾರಿದ್ದಾರೋ ಗೊತ್ತಾಗೋದಿಲ್ಲ. 2023ರ ದತ್ತಾಂಶ ಕಾಯ್ದೆ ಕೂಡ 18 ತುಂಬದವರ ಮಾಹಿತಿಗೆ ಪಾಲಕರ ಒಪ್ಪಿಗೆ ಬೇಕು ಅನ್ನುತ್ತದೆ. ಹಾಗಾಗಿ ಆ ಒಂದು ತಾಸು ಫೋನು ಹೊರಗಿರುತ್ತದೆ. ಅವಳ ಚಾಟುಗಳನ್ನ ಅವಳ ಬೆನ್ನ ಹಿಂದೆ ನಾನು ನೋಡೋದಿಲ್ಲ. ನೋಡಲೇಬೇಕು ಅನಿಸಿದರೆ ಹೇಳಿ, ಪಕ್ಕ ಕೂಡಿಸಿಕೊಂಡು ನೋಡುತ್ತೇನೆ. ಇದಕ್ಕೆ ಅವಳು ಪೂರ್ತಿ ಒಪ್ಪಿಲ್ಲ. ಜಗಳ ಚಾಲ್ತಿಯಲ್ಲಿದೆ.

ಅಕ್ಕನಿಗೂ ಹೇಳಿದೆ. ಗ್ರೂಪಿನಲ್ಲಿ “ಬಚ್ಚಲ ರಾಣಿ” ನಿಂತಿತು. ಏಳು ವರ್ಷದ ಮಗ ತನಗೂ ಬೇಕು ಅಂತ ಹಟ ಮಾಡಿ ಬಿಸ್ಕಿಟಿನ ಖಾಲಿ ಡಬ್ಬಿಯೊಂದನ್ನ ತನ್ನದು ಮಾಡಿಕೊಂಡ. ಒಳಗೆ ಎರಡು ಗೋಲಿ, ಒಂದು ಬಸ್ ಟಿಕೇಟು ಇವೆಯೆಂದು ಅವನೇ ದಿನಕ್ಕೆ ಮೂರು ಸಲ ತೆಗೆದು ತೋರಿಸುತ್ತಾನೆ.

ಎಲ್ಲ ಸರಿಹೋಯಿತು ಅಂತಲ್ಲ. ಊರಿಂದ ನೆಂಟರು ಬಂದರೆ ಪಡದೆ ಮೂಲೆಗೆ ಚೀಲಗಳು ಬೀಳುತ್ತವೆ. ತಿಂಗಳ ಕೊನೆಯಲ್ಲಿ ನನ್ನ ಮೀಟಿಂಗು ಏಳೂವರೆಗೆ ಹೋಗುತ್ತದೆ, ಅವಳು ಬಾಗಿಲ ಹೊರಗೆ ನಿಂತು ಗಡಿಯಾರ ನೋಡುತ್ತಾಳೆ. ಮೊದಲಾದರೆ ಆ ಅರ್ಧ ತಾಸು ಹೋದದ್ದು ಲೆಕ್ಕಕ್ಕಿರಲಿಲ್ಲ. ಈಗ ಒಂಬತ್ತರಿಂದ ಒಂಬತ್ತೂವರೆ ಅಂತ ಸಾಲ ತೀರಿಸುತ್ತೇನೆ.

ಹೋದ ತಿಂಗಳು ಕಂಪನಿಯ ವಾರ್ಷಿಕ ಮೌಲ್ಯಮಾಪನದ ಕರೆ ಇತ್ತು. ಮುಗಿದಾಗ ಆರೂಮುಕ್ಕಾಲು. ಏನಾಯಿತು ಅಂತ ಬರೆಯೋದಿಲ್ಲ. ನನ್ನವೂ ಒಂದೆರಡು ಪ್ಯಾರಾ ನನಗಿರಲಿ. ಖೋಲಿ ಬಿಟ್ಟು, ಯಾರ ಮುಖವನ್ನೂ ನೋಡದೆ, ಸೀದಾ ಬಚ್ಚಲಕ್ಕೆ ಹೋಗಿ ಚಿಲಕ ಹಾಕಿದೆ. ಕೈ ತಾನಾಗೇ ನಳ ತಿರುಗಿಸಿತು.

ಸ್ವಲ್ಪ ಹೊತ್ತಿಗೆ ಬಾಗಿಲ ಮೇಲೆ ಮೆಲ್ಲಗೆ ಎರಡು ಸಲ ಸಪ್ಪಳವಾಯಿತು. ಆಮೇಲೆ ಸುಮ್ಮನಾಯಿತು. ಅವಳು ಕಾಯುತ್ತಿದ್ದಳು.

“ಏನ?” ಅಂದೆ.

“ನಳ ಬಂದ್ ಮಾಡು ಮಮ್ಮಿ. ನೀರ ಬಂದು ಮೂರ ದಿನ ಆತು,” ಅಂದಳು ಮಗಳು ಹೊರಗಿನಿಂದ. “ಖೋಲಿಗೆ ಹೋಗು. ಇವತ್ತ ನನ್ನ ಪಾಳಿ ನೀ ತಗೋ.”